ಬಿಸಿ ಗೊತ್ತಾಗ್ತೈತೆ

ಕಾಲು ನೀರಿಗೆ ಬಿಟ್ಟ ಮೇಲೆ ಅಪ್ಪ ‘ಬಿಸಿ ಗೊತ್ತಾಗ್ತೈತೆ’ ಅಂದದ್ದು ನಿಜವೋ ಅಲ್ಲವೋ, ನನಗೆ ಖಾತ್ರಿಯಿಲ್ಲ. ಒಂದೊಂದು ದಿನ ಆ ಮಾತು ಅಪ್ಪನ ದನಿಯಲ್ಲೇ ಕೇಳುತ್ತದೆ. ಇನ್ನೊಂದು ದಿನ ಅವ್ವನ ದನಿಯಲ್ಲಿ. ಅವ್ವ ಅದನ್ನು ಎಷ್ಟು ಜನಕ್ಕೆ ಹೇಳಿದ್ದಾಳೆಂದರೆ, ಅಪ್ಪನಿಂದ ನಾನೇ ಕೇಳಿದ್ದು ಯಾವುದು, ಅವಳಿಂದ ಕೇಳುತ್ತ ಬಂದದ್ದು ಯಾವುದು ಎಂದು ಬಿಡಿಸಲಾಗುತ್ತಿಲ್ಲ.

ಅಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಕುದಿಯುವ ಹಂಡೆಗೆ ಬೆರಳು ಅದ್ದಿ ಹದ ನೋಡುವುದು ಅವನ ಪದ್ಧತಿ. ಆ ಕೈಗೆ ಸುಡುವುದೇ ಮರೆತುಹೋಗಿತ್ತು. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂದು ಪಾದಗಳೂ ಮರಗಟ್ಟಿದವು. ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಬರಿಗಾಲಲ್ಲಿ ಬೀದಿ ದಾಟಿಬಿಡುತ್ತಿದ್ದ. ಗಾಯವಾದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹಿಂಡಿ ತುಂಬಲು ಬರುತ್ತಿದ್ದ ಒಬ್ಬ ಸರ್ದಾರ್ ಲಾರಿ ಡ್ರೈವರ್, ತಮ್ಮ ಕಡೆ ಬೆಟ್ಟದ ಬುಡದಲ್ಲಿ ಬಿಸಿನೀರು ಉಕ್ಕುವ ಗುರುದ್ವಾರ ಇದೆ, ಅಲ್ಲಿ ಮಿಂದು ತನ್ನ ತಾಯಿಯ ಮಂಡಿನೋವು ಹೋಯಿತು ಎಂದನಂತೆ. ಅಪ್ಪನ ಗೆಳೆಯರೊಬ್ಬರು ಅದನ್ನು ತಂದು ನಮ್ಮ ಮನೆಯಲ್ಲಿ ಹೇಳಿದರು. ಅಂದಿನಿಂದ ಅವ್ವ ಬಿಡಲಿಲ್ಲ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನು, ಸತ್ತ ನರ ಬಿಸಿನೀರಿಗೆ ಏಳುವುದಿಲ್ಲ ಎಂದೆ. ಹಿಂದಿ ಬರುವವನು ನಾನೊಬ್ಬನೇ ಆದ್ದರಿಂದ ಜೊತೆಗೂ ಹೋದೆ.

ಹೊರಡುವ ಮುಂಜಾನೆ ಪಕ್ಕದ ಮನೆಯ ನೇಕಾರರು ಜಗಲಿಯಿಂದಲೇ ಕೂಗಿದರು. “ಏನಯ್ಯಾ, ಅಷ್ಟು ದೂರ ಯಾಕೆ? ಜಟಿಂಗ ರಾಮೇಶ್ವರನ ಬೆಟ್ಟ ಇಲ್ಲೇ ಐತಲ್ಲ.”

“ಆ ಬೆಟ್ಟ ಹತ್ತೋ ಕಾಲಿದ್ದಿದ್ರೆ ಊರು ಬಿಟ್ಟು ಯಾಕೆ ಹೋಗ್ತಿದ್ದೆ ಮಾರಾಯ,” ಎಂದ ಅಪ್ಪ.

ಗುಂತಕಲ್ಲಿನಿಂದ ರೈಲು, ದಿಲ್ಲಿಯಿಂದ ಬಸ್ಸು. ಕಣಿವೆಯ ತಿರುವುಗಳಲ್ಲಿ ಅವ್ವ ವಾಂತಿ ಮಾಡಿಕೊಳ್ಳುತ್ತಲೇ ಬಂದಳು. ಇಳಿದಾಗ ಒಂದು ಕಡೆ ಹಿಮ ಕರಗಿ ಹರಿಯುವ ಹೊಳೆ, ಅದರ ದಂಡೆಯಲ್ಲೇ ಹಬೆಯಾಡುವ ಬಂಡೆ. ಗುರುದ್ವಾರದ ಬಾಗಿಲಲ್ಲಿ ತಲೆಗೆ ಕಟ್ಟಿಕೊಳ್ಳಲು ಕೇಸರಿ ಬಟ್ಟೆ ಕೊಟ್ಟರು. ಅಪ್ಪ ಅದನ್ನು ಬೆಳಕಿಗೆ ಹಿಡಿದು, “ಒಂದು ಬಿಸಿಲಿಗೆ ಹೋಗ್ತದೆ ಈ ಬಣ್ಣ,” ಎಂದು ಕಟ್ಟಿಕೊಂಡ. ಯಾರು, ಯಾವ ಜನ ಎಂದು ಕೇಳದೆ ಸಾಲಿನಲ್ಲಿ ಕೂರಿಸಿ ರೊಟ್ಟಿ, ಬೇಳೆ ಬಡಿಸಿದರು. ಅವ್ವ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಬೇರೆಯವರಂತೆ ತಾನೂ ಕುದಿಯುವ ಬುಗ್ಗೆಗೆ ಇಳಿಬಿಟ್ಟಳು. ಅದು ಅನ್ನವಾಗಿ ಮೇಲೆ ಬಂದಾಗ ಕಣ್ಣಿಗೊತ್ತಿಕೊಂಡಳು.

“ಭೂಮಿ ಒಳಗಿನ ಬಿಸಿ ಅಷ್ಟೇ ಕಣವ್ವ,” ಎಂದೆ.

“ನೀನು ಓದಿದ್ದೀಯಂತ ಅದೇನು ತಣ್ಣಗಾಗ್ತದಾ? ಸುಮ್ನೆ ಉಣ್ಣು.”

ಸ್ನಾನದ ಕೊಳದ ನೀರು ಮೈ ತಡೆದುಕೊಳ್ಳುವಷ್ಟೇ ಬಿಸಿ. ಆದರೆ ಬುಗ್ಗೆಯ ನೀರು ಬಂದು ಬೀಳುವ ಮೂಲೆಯ ಹತ್ತಿರ ಯಾರೂ ಇರಲಿಲ್ಲ. ಅಪ್ಪ ನೇರವಾಗಿ ಅಲ್ಲಿಗೇ ಹೋದ. ಹಂಡೆಗೆ ಅದ್ದುವಂತೆ ಬೆರಳು ಅದ್ದಿ, “ಹದ ಐತೆ,” ಎಂದ. ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ಇಳಿಬಿಟ್ಟ. ಮುದುಕರೊಬ್ಬರು ಕೈಸನ್ನೆಯಲ್ಲೇ ಈಚೆ ಬಾ ಎಂದು ಕರೆದರು. ನಾನು ಬೆರಳಿಟ್ಟು ಥಟ್ಟನೆ ತೆಗೆದೆ.

“ಅಪ್ಪಾ, ಬಾಳ ಸುಡ್ತೈತೆ. ಎದ್ದೇಳು.”

“ಇಷ್ಟು ಬಿಸಿಗೆ ರೇಷ್ಮೆ ಬಣ್ಣಾನೂ ಹಿಡಿಯಲ್ಲ ಲೇ. ಕೂತ್ಕೋ.”

ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡ. ಅವನ ಬೆನ್ನ ಹಿಂದೆ ಅವ್ವ, ಸೆರಗು ತಲೆಗೆಳೆದುಕೊಂಡು, ಕೈ ಮುಗಿದು ನಿಂತಿದ್ದಾಳೆ. ಅವಳ ಸೀರೆಯಂಚು ತೊಯ್ದಿದೆ. ಆಗ ಅಪ್ಪ ಅನ್ನುತ್ತಾನೆ: ಬಿಸಿ ಗೊತ್ತಾಗ್ತೈತೆ.

ಗೊತ್ತಾಗಿದ್ದರೆ ಕಾಲು ತೆಗೆಯುತ್ತಿದ್ದ. ನಾನು ತೋಳು ಹಿಡಿದು ಎಬ್ಬಿಸುವವರೆಗೂ ಅವನು ತೆಗೆಯಲಿಲ್ಲ. ಆಗಲೇ ಕಾಲಿನ ಹರಡಿನವರೆಗೆ ಕೆಂಪಗೆ ಒಂದು ಗೆರೆ ಮೂಡಿತ್ತು, ನೂಲಿನ ಲಡಿಯನ್ನು ಬಣ್ಣಕ್ಕೆ ಅರ್ಧ ಅದ್ದಿ ತೆಗೆದ ಹಾಗೆ. ದಿಲ್ಲಿ ತಲುಪುವಷ್ಟರಲ್ಲಿ ಬೊಬ್ಬೆ ಎದ್ದಿದ್ದವು. ರೈಲಿನಲ್ಲಿ ಅವು ಒಡೆದವು. ಆಗಲೂ ಅಪ್ಪನಿಗೆ ನೋವಿರಲಿಲ್ಲ. ವಾಸನೆಗೆ ಎದುರು ಸೀಟಿನವರು ಎದ್ದು ಹೋದಾಗ ಮಾತ್ರ ಕಾಲನ್ನು ಒಳಗೆ ಎಳೆದುಕೊಂಡ. ಬಳ್ಳಾರಿಯಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಮುಂದಿನ ಬೇಸಿಗೆ ಅಪ್ಪ ಉಳಿಯಲಿಲ್ಲ.

ಅವ್ವನಿಗೆ ಇದಾವುದೂ ಆ ನೀರಿನ ತಪ್ಪಲ್ಲ. ಮಾತಾಡಿಸಲು ಬಂದವರಿಗೆಲ್ಲ, “ನಾನು ಪಕ್ಕದಾಗೇ ಇದ್ನಲ್ಲ. ಬಿಸಿ ಗೊತ್ತಾಗ್ತೈತೆ ಕಣೇ ಅಂದ್ರು. ಕಾಲಿಗೆ ಜೀವ ಬಂದಿತ್ತು, ಇವ್ನೇ ಅವಸರಪಟ್ಟು ಎಬ್ಬಿಸಿಬಿಟ್ಟ,” ಎನ್ನುತ್ತಿದ್ದಳು. ನಾನು ವಾದಿಸಲಿಲ್ಲ. ನನ್ನ ನೆನಪಿನಲ್ಲೂ ಅವಳು ಅಲ್ಲೇ ನಿಂತಿದ್ದಳಲ್ಲ.

ಕೆಲವು ವರ್ಷಗಳ ನಂತರ ಚಂಡೀಗಡಕ್ಕೆ ಕೆಲಸದ ಮೇಲೆ ಹೋದವನು ಎರಡು ದಿನ ರಜೆ ಹಾಕಿ ಮತ್ತೆ ಆ ಕಣಿವೆಗೆ ಹೋದೆ. ಹೊಳೆ, ಹಬೆ, ಅಕ್ಕಿಯ ಗಂಟು, ಎಲ್ಲ ಇದ್ದ ಹಾಗೇ ಇತ್ತು. ಆ ಮೆಟ್ಟಿಲ ಮೇಲೆ ನಿಂತು ಅವ್ವ ನಿಂತಿದ್ದ ಜಾಗ ಹುಡುಕಿದೆ. ಕೊಳದಲ್ಲಿ, ಸುತ್ತಲಿನ ಕಟ್ಟೆಯ ಮೇಲೆ, ಎಲ್ಲ ಗಂಡಸರೇ. ಸೇವೆಯಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ಮರುದಿನ ಇನ್ನೊಬ್ಬರನ್ನೂ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ: ಹೆಂಗಸರ ಸ್ನಾನದ ಜಾಗ ಬೇರೆ, ಗೋಡೆಯ ಆಚೆ, ಈ ಕೊಳಕ್ಕೆ ಹೆಂಗಸರನ್ನು ಯಾವತ್ತೂ ಬಿಟ್ಟಿಲ್ಲ.