ತಿರುಗಿ ಬಂದ ಬುತ್ತಿ ಗಂಟು

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಮನೆಯಲ್ಲಿ ಕಸ ಗುಡಿಸಿರಲಿಲ್ಲ. ದೂರ ಹೊರಟವರು ಊರು ಮುಟ್ಟುವ ತನಕ ಕಸಬರಿಗೆ ಎತ್ತಬಾರದೆಂದು ನಮ್ಮ ಅತ್ತೆಯ ಕಟ್ಟುನಿಟ್ಟು. ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ಬನವಾಸಿ ಕಡೆಯ ನಮ್ಮ ಊರಿನಿಂದ ಬೊಂಬಾಯಿಗೆ ಬಸ್ಸು, ರೈಲು ಹಿಡಿದು ಎರಡು ದಿನದ ದಾರಿ.

ನಮ್ಮ ಸಣ್ಣ ಮಗಳು ಚೌಕಾಬಾರ ಆಡುತ್ತ ಹುಣಸೆ ಬೀಜ ಬಾಯಿಗೆ ಹಾಕಿಕೊಂಡಿದ್ದಳು. ಅದು ಉಸಿರಿನ ದಾರಿಗೆ ಇಳಿದು, ಉಸಿರೆಳೆದಾಗಲೆಲ್ಲ ಸುಂಯ್ ಎನ್ನುತ್ತಿತ್ತು. ಬೆಳಗಾವಿಗೆ ಒಯ್ಯಿರಿ, ಅಲ್ಲಾಗದಿದ್ದರೆ ಬೊಂಬಾಯಿಯೇ ಎಂದರು ಶಿರಸಿಯ ಡಾಕ್ಟರು. ನನ್ನ ಮಡಿಲಲ್ಲಿ ಹಾಲು ಕುಡಿಯುವ ಕೂಸು. ಯಜಮಾನರೂ ಮೈದುನನೂ ಅವಳನ್ನು ಎತ್ತಿಕೊಂಡು ಹೊರಟರು. ಹಣೆಗೆ ವಿಭೂತಿ ಹಚ್ಚಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಳಿಗೆ ಗಂಜಿಯ ಹಿಟ್ಟು ಎಲ್ಲ ಸೇರಿಸಿ ಬುತ್ತಿ ಕಟ್ಟಿಕೊಟ್ಟೆ.

ಮೂರನೆಯ ದಿನ ಹೊತ್ತು ಇಳಿಯುವಾಗ ಮೈದುನ ಒಬ್ಬನೇ ಅಂಗಳಕ್ಕೆ ಬಂದ. ಕೈಯಲ್ಲಿ ಅದೇ ಬುತ್ತಿ. ನಾನು ಹಾಕಿದ ಗಂಟು ಹಾಗೇ ಇತ್ತು. ತಿನ್ನುವ ಬಾಯೇ ಉಳಿಯಲಿಲ್ಲವೆಂದು ತಿಳಿದೆ. ಮೊರ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು. "ಶಿವನೇ!" ಎಂದು ಅತ್ತೆ ಎದೆ ಬಡಿದುಕೊಂಡರು.

"ಯವ್ವಾ, ಅಳಬ್ಯಾಡ! ವೈನಿ, ಬೀಜ ತಗದಾರ. ಹುಡುಗಿ ಹಾಲು ಕುಡದಾಳಂತ. ಬೊಂಬಾಯಿಂದ ನಿನ್ನೆ ಸಂಜಿಗೆ ಬೆಳಗಾವಿ ಆಸ್ಪತ್ರಿಗೆ ಅಣ್ಣನ ಫೋನ್ ಬಂತು."

"ನಿನ್ನೆ ಅವರಿನ್ನೂ ರೈಲಿನ್ಯಾಗ ಇರಬೇಕು. ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡೋ," ಎಂದೆ ನಾನು.

"ಬೆಳಗಾವಿ ಡಾಕ್ಟರಿಗೂ ತಗಿಯಾಕ ಆಗಲಿಲ್ಲ. ರೈಲಿನ್ಯಾಗ ಹೋದ್ರ ಉಳಿಯೂದಿಲ್ಲ ಅಂದ್ರು. ಬೆಳಗಾವ್ಯಾಗ ವಿಮಾನ ಹತ್ತಿಸಿದೆ. ರೈಲು ಮಿರಜ, ಪುಣೆ ಸುತ್ತತೈತಿ, ಅದು ನೆಟ್ಟಗ ಹೋಗತೈತಿ. ಎರಡು ತಾಸೂ ಹಿಡೀಲಿಲ್ಲಂತ. ಬೆಳಗಾವಿಂದ ಇಲ್ಲಿಗೆ ಬರಾಕ ನನಗ ಇಡೀ ದಿನ ಬೇಕಾತು!"

ಅತ್ತೆ ಅಳು ನಿಲ್ಲಿಸಿ ಬಾಯಿಯ ಮೇಲೆ ಕೈ ಇಟ್ಟರು. "ನಾ ರೊಟ್ಟಿ ಬಡಿಯೂದ್ರಾಗ ಬೊಂಬಾಯೇನು? ಅಷ್ಟ ಎತ್ತರದಾಗ ಹುಡುಗಿಗೆ ಹಿಡಕೊಳ್ಳಾಕ ಏನರೆ ಇತ್ತೇನೋ?"

"ಅಪ್ಪನ ಕೊರಳು ಇತ್ತು ಬಿಡವ್ವಾ."

"ಮತ್ತ ಬುತ್ತಿ ಯಾಕ ತಂದಿ?" ಎಂದೆ, ಗಂಟನ್ನು ಕೈಗೆ ತೆಗೆದುಕೊಂಡು.

"ಹೋಗೂವಾಗ ಉಣ್ಣೂ ಎಚ್ಚರ ಯಾರಿಗಿತ್ತು? ವಿಮಾನದ ಅವಸರದಾಗ ನನ್ನ ಕೈಯಾಗ ಉಳೀತು. ಹುಡುಗೀದು ಅಂತ ಬಿಚ್ಚಾಕ ಮನಸಾಗಲಿಲ್ಲ."

ನನ್ನ ಮಗಳು ಆಕಾಶದಲ್ಲಿ ಹೋಗಿ, ಬದುಕಿ, ಹಾಲು ಕುಡಿದು ಮಲಗಿದ್ದಾಳೆ. ನಾನು ಇಲ್ಲಿ ಅವಳನ್ನು ಇನ್ನೂ ರೈಲಿನ ಕಿಟಕಿಯ ಪಕ್ಕ ಕೂರಿಸಿಕೊಂಡು ಪಂಚಾಕ್ಷರಿ ಜಪಿಸುತ್ತಿದ್ದೇನೆ! ವಿಮಾನದಲ್ಲಿ ಜಾಗ ಸಿಕ್ಕಿದ್ದು ಶಿವನ ದಯೆ. ಹತ್ತಿಸುವ ಮೊದಲು ನನ್ನನ್ನು ಕೇಳದಿದ್ದದ್ದು ಅದಕ್ಕಿಂತ ದೊಡ್ಡ ದಯೆ. ಕೇಳಿದ್ದರೆ ನಾನು ಬಿಡುತ್ತಿರಲಿಲ್ಲ.

"ಊರು ಮುಟ್ಟ್ಯಾರಲ್ಲ, ಇನ್ನ ಕಸ ಹೊಡಿ," ಎಂದರು ಅತ್ತೆ.

ಚೆಲ್ಲಿದ ಅಕ್ಕಿಯನ್ನು ಕೈಯಿಂದ ಬಳಿದು ಮೊರಕ್ಕೆ ತುಂಬಿದೆ. ಆಮೇಲೆ ಕಸಬರಿಗೆ ಎತ್ತಿಕೊಂಡು ಒಳಗಿನ ಕೋಣೆಯಿಂದ ಗುಡಿಸುತ್ತ ಬಂದೆ.