ಒಂದೇ ಗುಂಡಿನ ಸದ್ದು

ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಕೋವಿ ಒಂದು ಸಲ ಹಾರುತ್ತದೆ. ಯಾರಾದರೂ ಸತ್ತರೆ ಬೆನ್ನಿಗೇ ಎರಡು ಸಲ. ಎರಡು ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಓಡಬೇಕು, ಕರೆ ಬರಲಿ ಎಂದು ಕಾಯುವಂತಿಲ್ಲ. ಬ್ರಿಟಿಷರ ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಗಡಿಯಾರ ಇರಲಿಲ್ಲ, ಕೋವಿ ಇತ್ತು.

ಗದ್ದೆಯಾಚೆಯ ಮನೆಗೆ ಮದುವೆಯಾಗಿ ಬಂದವಳು ನನ್ನ ಹಾಗೆಯೇ ಸೋಮವಾರಪೇಟೆ ಕಡೆಯವಳು. ಸಿದ್ದಾಪುರದ ಈ ಮೂಲೆಯಲ್ಲಿ ತವರಿನ ಮಾತಾಡಲು ಅವಳಿಗೆ ನಾನು, ನನಗೆ ಅವಳು. ಅವಳ ಗಂಡ ಯುದ್ಧಕ್ಕೆ ಹೋಗಿದ್ದ. ಮನೆಯಲ್ಲಿದ್ದದ್ದು ಅತ್ತೆ ಮತ್ತು ಬಸುರಿಯಾದ ಅವಳು, ಇಬ್ಬರೇ.

ಆ ವರ್ಷ ನಾಟಿಗೆ ಮುಯ್ಯಾಳಾಗಿ ನಾನು ಅವಳ ಗದ್ದೆಗೆ ಎರಡು ದಿನ ಹೋದೆ. ನಮ್ಮ ಸರದಿ ಬಂದಾಗ ಅವಳ ಮನೆಯಿಂದ ಬದಲಿ ಆಳೂ ಬರಲಿಲ್ಲ. ಬಸುರಿ ಗದ್ದೆಗಿಳಿಯಲಿ ಎಂದು ನಾನೇನೂ ಹೇಳುತ್ತಿರಲಿಲ್ಲ, ಬಾಯಿಮಾತಿಗಾದರೂ ಒಂದು ಹೇಳಿ ಕಳಿಸಬಾರದಿತ್ತೇ? ನನ್ನ ಸಿಟ್ಟೇ ಹಾಗೆ. ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಯುವ ದಾರಿ ಮಾತ್ರ ಮರೆಯುತ್ತದೆ. ಆ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಅತ್ತೆ ಹಾಸಿಗೆ ಹಿಡಿದಿದ್ದರೆಂದು ತಿಳಿದದ್ದು ಆಮೇಲೆ.

ಮಳೆ ಬಿಡದ ಕಕ್ಕಡ ತಿಂಗಳ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಅಲ್ಲಿ ಕೋವಿ ಹಾರಿತು. ಕೈ ತಡೆದು ಕಿವಿಗೊಟ್ಟೆ. ಇನ್ನೊಂದು ಕೇಳಲಿಲ್ಲ.

ಅಂಗಳದಲ್ಲಿ ಹಾದುಹೋದ ಪಕ್ಕದ ಮನೆಯಾಕೆಗೆ ನಾನೇ ಹೇಳಿದೆ, "ಗಂಡು ಕಣೇ."

"ದಿನ ತುಂಬಕ್ಕೆ ಇನ್ನೂ ತಿಂಗಳಿದೆಯಲ್ಲಾ?"

"ಕೋವಿ ಸುಳ್ಳು ಹೇಳ್ತದಾ?"

ಆಕೆ ನಕ್ಕು ಹೋದಳು. ಸಂಜೆಯೊಳಗೆ ಇನ್ನೂ ನಾಲ್ಕು ಮನೆಗೆ ಅದನ್ನೇ ಹೇಳಿದೆ. ಹೆರಿಗೆಯ ಮನೆಗೆ ಮೈಲಿಗೆ ಕಳೆಯುವ ತನಕ ಯಾರೂ ಹೋಗುವುದಿಲ್ಲ. ಹೋಗದಿರಲು ನನಗೂ ಒಂದು ನೆವ ಸಿಕ್ಕಿತು.

ಮರುದಿನ ತಪ್ಪಿಸಿಕೊಂಡ ದನ ಹುಡುಕುತ್ತಾ ಅತ್ತ ಹೋದ ಮುದುಕನೊಬ್ಬ ಓಡಿ ಬಂದು ಊರಿಗೆ ಸುದ್ದಿ ಹೇಳಿದ. ಹೆರಿಗೆ ಆಗಿರಲಿಲ್ಲ, ಅತ್ತೆ ತೀರಿಕೊಂಡಿದ್ದರು. ಕೋವಿಗೆಂದು ಮನೆಯಲ್ಲಿದ್ದದ್ದು ಎರಡೇ ತೋಟೆ. ಮೊದಲನೆಯದು ಹಾರಿತ್ತು, ಎರಡನೆಯದು ತಂಡಿ ಹಿಡಿದು ಠುಸ್ ಎಂದಿತ್ತು. ಹೆಣವನ್ನು ಒಂಟಿಯಾಗಿ ಬಿಡಬಾರದು ಎನ್ನುವುದು ನಮ್ಮಲ್ಲಿ ಕಟ್ಟಳೆ. ಅವಳು ಬಿಟ್ಟು ಬರಲಿಲ್ಲ. ಇಡೀ ಒಂದು ಹಗಲು, ಒಂದು ರಾತ್ರಿ ದೀಪಕ್ಕೆ ಎಣ್ಣೆ ಹಾಕುತ್ತಾ ಅಂಗಳ ನೋಡುತ್ತಾ ಕೂತಿದ್ದಳು.

ಹನ್ನೊಂದರ ದಿನ ಎಲ್ಲರೂ ಊಟಕ್ಕೆ ಕೂತಾಗ ನಾನು ಅವಳ ಹತ್ತಿರ ಹೋದೆ. "ಒಂದೇ ಕೇಳಿತ್ತು ಕಣೇ, ಗಂಡು ಹುಟ್ಟಿತು ಅಂದ್ಕೊಂಡೆ," ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಹಂಗೇ ಅಂದ್ಕೋತಾರೆ ಅಂತ ನಂಗೂ ಗೊತ್ತಿತ್ತು. ಗಂಡು ಅಂತ ತಿಳಿದು ಊರೋರು ಯಾರೂ ಬರಲ್ಲ. ನೀನು ಮಾತ್ರ ಬರ್ತೀಯ, ಬಾಗಿಲಾಚೆ ನಿಂತಾದ್ರೂ ಹೆಂಗಿದ್ದೀಯೇ ಅಂತ ಕೇಳ್ತೀಯ ಅಂದ್ಕೊಂಡೆ."

ನಾನು ಎಲೆ ಎತ್ತುವ ನೆಪದಲ್ಲಿ ಎದ್ದು ಹೋಗಿ ಹಿತ್ತಿಲಲ್ಲಿ ಅತ್ತುಬಿಟ್ಟೆ.

ಮುಂದಿನ ತಿಂಗಳು ಅವಳಿಗೆ ಗಂಡೇ ಹುಟ್ಟಿತು. ನಮಗೆ ಗೊತ್ತಾದದ್ದು ಐದು ದಿನ ಕಳೆದು, ಸೂಲಗಿತ್ತಿಯ ಬಾಯಿಂದ. ಅಷ್ಟರಲ್ಲಿ ಯಾರೋ ಹೊಸ ತೋಟೆ ತಂದುಕೊಟ್ಟಿದ್ದರಂತೆ. ಕೋವಿ ಹಾರಿಸೋಣವೇ ಎಂದು ಸೂಲಗಿತ್ತಿ ಕೇಳಿದ್ದಕ್ಕೆ ಅವಳು, "ಯಾರಿಗೆ ಕೇಳಿಸಬೇಕು?" ಎಂದಳಂತೆ.