ಗುಳಗಿ ಬಡಿದ ರೊಟ್ಟಿ

ಹತ್ತಿಮತ್ತೂರಿನ ನಾಗವ್ವನ ಬಿಪಿಗೆ ಅವಳ ಸಿಟ್ಟೇ ಕಾರಣ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವಳ ಗಂಡ ಗುತ್ತೆಪ್ಪ. ಸಿಟ್ಟು ಇತ್ತು, ಸುಳ್ಳಲ್ಲ. ಯಾಕಿತ್ತು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಆ ಮನೆಯಲ್ಲಿ ಎಮ್ಮೆ ಮೇವು ಬಿಟ್ಟರೆ ಪಶುವೈದ್ಯರು ಮನೆಗೇ ಬರುತ್ತಿದ್ದರು. ಚೇತರಿಸಿಕೊಳ್ಳುವವರೆಗೆ ಎಮ್ಮೆ ನೆರಳಲ್ಲಿ ಮಲಗಿರುತ್ತಿತ್ತು. ನಾಗವ್ವ ನೆಗಡಿ ಜ್ವರ ಎಂದು ಮಲಗಿದರೆ ಗುತ್ತೆಪ್ಪ ಅಂಗಡಿಯಿಂದ ಕೆಂಪು-ಕರಿ ಗುಳಗಿ ತರುತ್ತಿದ್ದ. ಚೀಟಿಯಿಲ್ಲ, ಡಾಕ್ಟರಿಲ್ಲ. ಅವಳು ಎದ್ದು ಒಲೆ ಮುಂದೆ ಕೂತಳೆಂದರೆ ಔಷಧ ಮುಗಿಯಿತು. ಉಳಿದ ಗುಳಗಿ ಮುಂದಿನ ಸಲಕ್ಕೆಂದು ಬಿಸ್ಕೀಟಿನ ಡಬ್ಬಿಗೆ ಸೇರುತ್ತಿತ್ತು. ತಾಟಿನ ಮುಂದೆ ಅವನು ಆಡುವ ಮಾತೂ ಒಂದೇ: "ಅಂಚು ದಪ್ಪ ಆತು. ತೆಳ್ಳಗ ಬಡಿ." ಗಟ್ಟಿ ಮೊಸರು ಗಂಡಸರಿಗೆ. ಹಿಂಡಿ, ಕಾಯಿಸಿ, ಹೆಪ್ಪು ಹಾಕಿದವಳಿಗೆ ಗಡಿಗೆ ಬಳಿದ ನೀರು.

ಹೋದ ವರ್ಷ ತಲೆ ಸುತ್ತಿ ಬಿದ್ದಾಗ ಅವಳು ಸವಣೂರಿಗೆ ಒಬ್ಬಳೇ ಬಸ್ಸಿನಲ್ಲಿ ಹೋದಳು. ಬಿಪಿ ನೋಡಿದ ಡಾಕ್ಟರ್ ಗುಲ್ನಾರ, ಮನೆಯಲ್ಲಿ ನುಂಗುವ ಗುಳಗಿಗಳನ್ನೆಲ್ಲ ಮುಂದಿನ ಸಲ ತರಲು ಹೇಳಿದರು. ಇವಳು ಡಬ್ಬಿಯನ್ನೇ ಒಯ್ದಳು.

"ಇವನ್ನ ಯಾರು ಕೊಟ್ರು ನಿಮಗ?"

"ನಮ್ಮ ಮನಿಯವರು. ಬ್ಯಾನಿಗಲ್ಲರಿ, ರೊಟ್ಟಿಗೆ."

ಡಾಕ್ಟರಿಗೆ ನಗು ಬರಲಿಲ್ಲ. "ನಮ್ಮ ಕರುಳಿನ್ಯಾಗ ಕೋಟಿಗಟ್ಲೆ ಸೂಕ್ಷ್ಮಜೀವಿ ಇರ್ತಾವ. ಕಾಳು, ಸೊಪ್ಪಿನ ನಾರು ತಿಂದು ಅವು ನಮಗ ಬೇಕಾದ್ದು ಮಾಡಿ ಕೊಡ್ತಾವ. ರಕ್ತನಾಳ ಬಿಗಿಯದಂಗ ಇಡಾಕೂ ಅವು ನೆರವಾಗ್ತಾವು ಅಂತಾರ. ಈ ಆಂಟಿಬಯೋಟಿಕ್ ಗುಳಗಿ ರೋಗದ ಕ್ರಿಮಿ ಕೊಲ್ಲುವಾಗ ಅವನ್ನೂ ಕೊಲ್ತಾವ. ಇದರಿಂದ ಬಿಪಿ ಏರತೈತೇನು ಅಂತ ಇನ್ನೂ ಸಂಶೋಧನೆ ನಡದೈತಿ. ನಿಮಗ ಇದರಿಂದಲೇ ಬಂತು ಅಂತ ನಾ ಹೇಳೂದಿಲ್ಲ. ಆದ್ರ ಸಾದಾ ನೆಗಡಿಗೆ ಇವು ಬ್ಯಾಡ. ಬಿಪಿ ಗುಳಗಿ ಮಾತ್ರ ಬಿಡಬ್ಯಾಡ್ರಿ. ಉಪ್ಪು ಕಡಿಮಿ ಮಾಡ್ರಿ, ಹೊಟ್ಟಿತುಂಬ ಉಣ್ರಿ, ಜ್ವರ ಬಂದ್ರ ಮಲಗ್ರಿ."

"ಅಂದ್ರ ಹೊಟ್ಟಿ ಒಳಗೂ ನನ್ನಂಥವರು ದುಡೀತಿದ್ರು ಅನ್ರಿ," ಎಂದಳು ನಾಗವ್ವ. "ಅವರನ್ನೂ ಬಿಡಲಿಲ್ಲ ಇವರು."

ಬರುವ ದಾರಿಯುದ್ದಕ್ಕೂ ಡಬ್ಬಿ ಮಡಿಲಲ್ಲಿ ಗಲಗಲ ಅನ್ನುತ್ತಿತ್ತು. ಅದನ್ನು ಎಸೆಯಲಿಲ್ಲ. ಇದ್ದ ಜಾಗದಲ್ಲೇ ಇಟ್ಟಳು. ಕಾದಳು.

ಮಗಳು ನೇತ್ರಾಳನ್ನು ಕೊಟ್ಟಿದ್ದು ಯಲವಿಗಿಗೆ. ಅಲ್ಲಿಯ ಬೀಗರು ಊಟಕ್ಕೆ ಬರುವ ದಿನವೇ ನಾಗವ್ವನಿಗೆ ಮೈ ಸುಡುತ್ತಿತ್ತು. ಬೀಗರಿಗೆ ತವೆಯಿಂದ ನೇರ ತಾಟಿಗೆ ಬಿಸಿ ರೊಟ್ಟಿ ಬೀಳಬೇಕು. ಅದು ಗುತ್ತೆಪ್ಪನ ಮರ್ಯಾದೆ. ಅವನು ಡಬ್ಬಿಯಿಂದ ಎರಡು ಗುಳಗಿ ತೆಗೆದು ಅವಳ ಅಂಗೈಗೆ ಹಾಕಿದ.

"ಏಳ. ಸವಣೂರ ದಾಟ್ಯಾರಂತ. ಬೀಗರ ಮುಂದ ನನ್ನ ಮಾನ ತೆಗೀಬ್ಯಾಡ."

ನಾಗವ್ವ ಮುಷ್ಟಿ ಮುಚ್ಚಿಕೊಂಡಳು. ನುಂಗಿದರೆ ಮತ್ತೆ ಅದೇ ಒಲೆ, ಸಾಯುವತನಕ. ನುಂಗದಿದ್ದರೆ ಮಗಳ ಮನೆಯವರ ಮುಂದೆ ರಂಪ. ನೇತ್ರಾಳ ಮುಖ ಕಣ್ಣ ಮುಂದೆ ಬಂತು. ಅವಳ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು ಎಂಬುದೂ ಹೊಳೆಯಿತು. ಎದ್ದಳು.

ಬೀಗರು ಬಂದರು, ಕೈತೊಳೆದು ಕೂತರು. ತಾಟುಗಳಲ್ಲಿ ನಿನ್ನೆಯ ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ರೊಟ್ಟಿ ಇಲ್ಲ. ಗುತ್ತೆಪ್ಪನ ತಾಟಿನಲ್ಲಿ ಮಾತ್ರ ಎರಡು ಕೆಂಪು-ಕರಿ ಗುಳಗಿ.

"ಏನಿದು?"

"ನಿಮ್ಮ ಮನಿಯಾಗ ರೊಟ್ಟಿ ಬಡಿಯೂದು ನಾನಲ್ಲರಿ, ಈ ಗುಳಗಿ. ಇಷ್ಟು ವರ್ಷ ನೀವೇ ಹಂಗಂತ ತಿಳಕೊಂಡಿದ್ರಿ. ಒಯ್ದು ಒಲಿ ಮುಂದ ಕುಂಡ್ರಿಸ್ರಿ, ಬಡೀತಾವ."

ಬೀಗತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೀಗರು ಕೆಮ್ಮಿದರು. "ಅಕ್ಕಾರಿಗೆ ಆರಾಮಿಲ್ಲೇನು?" ಅಂದರು.

"ಜ್ವರ ಬಂದೈತ್ರಿ. ಎಮ್ಮಿಗೆ ಬಂದಿದ್ರ ಈ ಹೊತ್ತಿಗೆ ಡಾಕ್ಟರ್ ಬಂದಿರ್ತಿದ್ರು."

ಗುತ್ತೆಪ್ಪನ ಕಿವಿ ಕೆಂಪಾಯಿತು. ಬೀಗತಿ ಏಳಲು ಹೋದಳು. ನಾಗವ್ವ ಅವಳ ಭುಜ ಅದುಮಿ ಕೂರಿಸಿದಳು. "ನೀವು ಕುಂದರ್ರಿ. ಹಿಟ್ಟು ಎಲ್ಲೈತಿ ಅಂತ ಅವರಿಗೆ ಗೊತ್ತೈತಿ."

ಗೊತ್ತಿರಲಿಲ್ಲ. ಬೀಗರ ಎದುರು ಬೇರೆ ದಾರಿ ಕಾಣದೆ ಗುತ್ತೆಪ್ಪ ಎದ್ದು ಒಲೆ ಕಡೆ ಹೋದ. ಮೂರು ಡಬ್ಬಿ ತೆಗೆದು ನೋಡಿದ ಮೇಲೆ ಸಿಕ್ಕಿತು. ಹಿಟ್ಟು ನೀರಾಯಿತು, ಮತ್ತೆ ಹಿಟ್ಟು ಸುರಿದ, ಗಂಟಾಯಿತು. ಬಡಿದಲ್ಲೆಲ್ಲ ಹರಿಯಿತು. ಹೊಗೆ ಕಣ್ಣಿಗೆ ಹೋಯಿತು.

ನಾಗವ್ವ ಗಟ್ಟಿ ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಕಂಬಕ್ಕೊರಗಿ ಕೂತಳು. ಬಟ್ಟಲು ತುಂಬ ಬಡಿಸಿಕೊಂಡಳು, ನಿಧಾನ ಉಂಡಳು. ತವೆಯ ಮೇಲೆ ಮೊದಲ ರೊಟ್ಟಿ ಬಿದ್ದಾಗ ಕತ್ತು ಚಾಚಿ ನೋಡಿದಳು.

"ಅಂಚು ದಪ್ಪ ಆತ್ರಿ," ಎಂದಳು. "ತೆಳ್ಳಗ ಬಡೀರಿ."